ಮುಲಾಖಾತ್ ಬಂದ್

2020ರ ಮಾರ್ಚ್ ಮೂರನೇ ವಾರ. ನಮ್ಮಲ್ಲಿ ಬಹಳ ಜನ ಆಫೀಸಿನ ಲ್ಯಾಪ್‌ಟಾಪು, ಚಾರ್ಜರು ಬ್ಯಾಗಿಗೆ ತುರುಕಿಕೊಂಡು ಮನೆ ಸೇರಿದ ವಾರ ಅದು. ಊರಲ್ಲಿರೋ ಅಪ್ಪ ಅಮ್ಮನಿಗೆ ದಿನಕ್ಕೆ ಮೂರು ಸಲ ವಿಡಿಯೊ ಕಾಲ್ ಮಾಡಿ, ಸಂತೆಗೆ ಹೋಗಬೇಡಿ, ಯಾರನ್ನೂ ಒಳಗೆ ಸೇರಿಸಬೇಡಿ ಅಂತ ಗದರಿಸ್ತಾ ಇದ್ದೆವು. ಸರಿಸುಮಾರು ಅದೇ ದಿನಗಳಲ್ಲಿ ದೇಶದ ಒಂದೊಂದೇ ರಾಜ್ಯದ ಜೈಲುಗಳ ಬಾಗಿಲಿಗೆ ಒಂದು ನೋಟಿಸು ಬಿತ್ತು. ಸೋಂಕಿನ ಭೀತಿಯಿಂದಾಗಿ ಸಂದರ್ಶನ ಸ್ಥಗಿತ. ಜೈಲಿನ ಭಾಷೆಯಲ್ಲಿ ಹೇಳಬೇಕಂದ್ರೆ, ಮುಲಾಖಾತ್ ಬಂದ್.

ಇದರಲ್ಲೇನು ವಿಶೇಷ, ಮಾಲ್ ಬಂದ್ ಆಯ್ತು, ಶಾಲೆ ಬಂದ್ ಆಯ್ತು, ಇದೂ ಬಂದ್ ಆಯ್ತು ಅನ್ನಿಸಬಹುದು. ಆದರೆ ಮುಲಾಖಾತ್ ಅಂದ್ರೆ ಬರೀ ಮಾತುಕತೆ ಅಲ್ಲ. ಬೆಳಗಿನ ಬಸ್ಸು ಹಿಡಿದು ಬಂದು, ಆಧಾರ್ ತೋರಿಸಿ, ಹೆಸರು ಬರೆಸಿ, ಗಂಟೆಗಟ್ಟಲೆ ಕಾದು, ಜಾಲರಿಯ ಅಥವಾ ಗಾಜಿನ ಆಚೆ ಸಿಗುವ ಆ ಕೆಲವು ನಿಮಿಷದಲ್ಲಿ ಒಬ್ಬ ತಾಯಿ ಮಾಡೋ ಮೊದಲ ಕೆಲಸ ಮಾತಲ್ಲ, ನೋಡೋದು. ಮಗ ಇಳಿದುಹೋಗಿದಾನಾ? ಕೆಮ್ಮುತ್ತಿದಾನಾ? ಕೈ ಮೇಲೆ ಗಾಯ ಏನು? ಜೈಲಿನ ಒಳಗೆ ವೈದ್ಯರಿರಬಹುದು, ಆಸ್ಪತ್ರೆ ಇರಬಹುದು. ಆದರೆ ಆ ಮನುಷ್ಯನನ್ನು ಮೊದಲು ಹೇಗಿದ್ದ ಅಂತ ಗೊತ್ತಿರುವವರು ಬಂದು ನೋಡುವ ತಪಾಸಣೆ ಅದೊಂದೇ. ಸಾಂಕ್ರಾಮಿಕ ರೋಗ ಬಂದಾಗ ಸರ್ಕಾರಗಳು ಮೊದಲು ನಿಲ್ಲಿಸೋದು ಅದನ್ನೇ.

ನಿಲ್ಲಿಸಬಾರದಿತ್ತು ಅಂತ ನಾನು ವಾದ ಮಾಡ್ತಿಲ್ಲ. 2019ರ ಕೊನೆಗೆ ಭಾರತದ ಜೈಲುಗಳಲ್ಲಿದ್ದವರು 4,78,600 ಜನ. ಜಾಗ ಇದ್ದದ್ದು 4,03,739 ಜನಕ್ಕೆ. ನೂರು ಜನರ ಜಾಗದಲ್ಲಿ 118 ಜನ ಮಲಗುವ ಕಡೆ ಆರಡಿ ಅಂತರ ಅನ್ನೋದು ಗೋಡೆಗೆ ಅಂಟಿಸುವ ಪೋಸ್ಟರ್ ಮಾತ್ರ. ಒಬ್ಬರಿಂದ ವೈರಸ್ ಒಳಗೆ ಹೋದರೆ ಬ್ಯಾರಕ್ಕಿಗೆ ಬ್ಯಾರಕ್ಕೇ ಮಲಗುತ್ತೆ, ನಿಜ. ನನ್ನ ಪ್ರಶ್ನೆ ಬೇರೆ. ಆ ಒಂದು ಬಾಗಿಲು ಮುಚ್ಚಿದಾಗ ರೋಗ ನಿಜಕ್ಕೂ ನಿಂತಿತಾ? ಹೊರಗಿದ್ದವರಿಗೆ ಏನಾಯಿತು? ಇದಕ್ಕೆ ಉತ್ತರ ಹುಡುಕೋಕೆ ಸುಮಾರು 270 ವರ್ಷ ಹಿಂದಕ್ಕೆ ಹೋಗಬೇಕು.

ಆಗಿನ ಇಂಗ್ಲೆಂಡಿನಲ್ಲಿ ಜೈಲಿಗೇ ಒಂದು ಸ್ವಂತ ಕಾಯಿಲೆ ಇತ್ತು. ಹೆಸರೇ ಜೈಲು ಜ್ವರ. ನಾವೀಗ ಟೈಫಸ್ ಅಂತೀವಿ. ಹೇನಿನಿಂದ ಹರಡುತ್ತೆ ಅಂತ ಚಾರ್ಲ್ಸ್ ನಿಕೋಲ್ ಕಂಡುಹಿಡಿದದ್ದು 1909ರಲ್ಲಿ. ಜೈಲು ಜ್ವರದ ಆ ಕಾಲದಲ್ಲಿ ಅದು ಕೆಟ್ಟ ಗಾಳಿಯಿಂದ ಬರುತ್ತೆ ಅಂತಲೇ ನಂಬಿದ್ದರು. 1750ರ ಏಪ್ರಿಲ್‌ನಲ್ಲಿ ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ ವಿಚಾರಣೆಗಳು ನಡೆದವು. ಪಕ್ಕದ ನ್ಯೂಗೇಟ್ ಜೈಲಿನಿಂದ ಕೈದಿಗಳನ್ನು ತಂದು ಇಕ್ಕಟ್ಟಾದ ಕೋಣೆಗಳಲ್ಲಿ ತುಂಬಿದ್ದರು, ಕೋರ್ಟಿನಲ್ಲಿ ಜನವೋ ಜನ. ಮುಂದಿನ ಕೆಲವು ವಾರಗಳಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಸ್ಯಾಮ್ಯುಯೆಲ್ ಪೆನಂಟ್, ಇಬ್ಬರು ನ್ಯಾಯಾಧೀಶರು, ವಕೀಲರು, ಜ್ಯೂರಿಯವರು, ಸುಮ್ಮನೆ ನೋಡೋಕೆ ಬಂದವರು ಸೇರಿ ನಲವತ್ತಕ್ಕೂ ಹೆಚ್ಚು ಜನ ಸತ್ತರು.

ಜೈಲು ಜ್ವರ ಇಂಗ್ಲೆಂಡಿಗೆ ಹೊಸದೇನಲ್ಲ. ಕೈದಿಗಳು ಮತ್ತವರ ಮನೆಯವರು ಅದರಿಂದ ಸಾಯ್ತಲೇ ಇದ್ದರು. ಮೇಯರೇ ಸತ್ತಾಗ ಮಾತ್ರ ಅದು ಆರೋಗ್ಯದ ಬಿಕ್ಕಟ್ಟು ಅನ್ನಿಸಿಕೊಂಡಿತು. ಕೋರ್ಟಿಗೆ ತರೋ ಮೊದಲು ಕೈದಿಗಳಿಗೆ ವಿನೆಗರಿನಲ್ಲಿ ತೊಳೆಯೋದು, ನ್ಯಾಯಾಧೀಶರ ಮುಂದೆ ಪರಿಮಳದ ಸೊಪ್ಪಿನ ಗೊಂಚಲು ಇಡೋದು ಶುರುವಾಯಿತು. ನ್ಯೂಗೇಟ್ ಜೈಲಿಗೆ ಗಾಳಿಯಂತ್ರವೊಂದನ್ನು ಕೂರಿಸಿದರು. ಸೊಳ್ಳೆ ಕಾಟಕ್ಕೆ ಫ್ಯಾನ್ ಹಾಕಿದ ಹಾಗೆ! ಆ ಯಂತ್ರ ಕೂರಿಸೋಕೆ ಹೋದ ಕೂಲಿಕಾರರಲ್ಲೇ ಹಲವರಿಗೆ ಜ್ವರ ಹತ್ತಿತು. ಅವರು ಮನೆಗೆ ಹೋದರು, ಮನೆಯವರಿಗೂ ಹತ್ತಿತು. ವೈದ್ಯ ಜಾನ್ ಪ್ರಿಂಗಲ್ ಇದನ್ನು 1753ರಲ್ಲಿ ಬರೆದಿಟ್ಟಿದ್ದಾನೆ. ಜೈಲಿನ ರೋಗ ಗೋಡೆ ದಾಟಿ ಕುಟುಂಬಕ್ಕೆ ಹೋಗುವುದನ್ನು ಒಬ್ಬ ಡಾಕ್ಟರ್ ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿದ ಹಳೆಯ ದಾಖಲೆ ಅದು. ನಮ್ಮ ಕಾಲದ ಕಾಂಟ್ಯಾಕ್ಟ್ ಟ್ರೇಸಿಂಗೇ, ಆ್ಯಪ್ ಇರಲಿಲ್ಲ ಅಷ್ಟೆ.

ಆ ಕಾಲದ ಜೈಲಿಗೂ ಮನೆಗೂ ನಡುವೆ ನಾವು ಇವತ್ತು ಕಲ್ಪಿಸಿಕೊಳ್ಳುವಷ್ಟು ದೂರ ಇರಲಿಲ್ಲ. ಸರ್ಕಾರ ಕೈದಿಗೆ ಸರಿಯಾಗಿ ಊಟವನ್ನೇ ಕೊಡುತ್ತಿರಲಿಲ್ಲ. ಹೊದಿಕೆ, ಬ್ರೆಡ್ಡು, ಹಾಸೋಕೆ ಹುಲ್ಲು, ಬಹುಮಟ್ಟಿಗೆ ಎಲ್ಲ ಮನೆಯವರದ್ದೇ ಖರ್ಚು. ಸಾಲಗಾರರ ಜೈಲುಗಳಲ್ಲಂತೂ ಹೆಂಡತಿ ಮಕ್ಕಳು ಒಳಗೇ ಬಂದು ಸಂಸಾರ ಹೂಡುತ್ತಿದ್ದರು. ಕಾದಂಬರಿಕಾರ ಡಿಕನ್ಸ್‌ನ ಅಪ್ಪ 1824ರಲ್ಲಿ ಮಾರ್ಷಲ್‌ಸೀ ಜೈಲಿಗೆ ಹೋದಾಗ ತಾಯಿ ಮತ್ತು ಚಿಕ್ಕ ಮಕ್ಕಳು ಹೋಗಿ ಅಲ್ಲೇ ಇದ್ದರು. ಹನ್ನೆರಡು ವರ್ಷದ ಚಾರ್ಲ್ಸ್ ಹೊರಗೆ ಪಾಲಿಶ್ ಕಾರ್ಖಾನೆಯಲ್ಲಿ ದುಡಿದು ಭಾನುವಾರ ಹೋಗಿ ನೋಡಿ ಬರುತ್ತಿದ್ದ.

ಈ ಕತ್ತಲೆಗೆ ಟಾರ್ಚ್ ಬಿಟ್ಟವನು ಜಾನ್ ಹೊವರ್ಡ್. 1773ರಲ್ಲಿ ಬೆಡ್‌ಫರ್ಡ್‌ಶೈರಿನ ಶೆರಿಫ್ ಆದ. ಅಲ್ಲಿಯ ತನಕ ಆ ಹುದ್ದೆ ಬಹುಪಾಲು ಮೆರವಣಿಗೆಯ ಹುದ್ದೆ. ಈತ ಮಾತ್ರ ಜೈಲಿನೊಳಗೆ ಹೋಗಿ ನೋಡಿದ. ಕೋರ್ಟು ನಿರಪರಾಧಿ ಅಂತ ಬಿಟ್ಟವರೂ ಅಲ್ಲೇ ಕೂತಿದ್ದರು! ಯಾಕಂದ್ರೆ ಜೈಲರಿಗೆ ಸಂಬಳ ಇಲ್ಲ, ಕೈದಿಗಳು ಕೊಡೋ ಶುಲ್ಕವೇ ಅವನ ಆದಾಯ. ಬಿಡುಗಡೆ ಶುಲ್ಕ ಕಟ್ಟೋ ತನಕ ಮನೆಗೆ ಹೋಗುವಂತಿಲ್ಲ. ಅಂದರೆ ಹೊರಗಿನ ಹೆಂಡತಿ ಶುಲ್ಕ ಹೊಂದಿಸೋ ವಾರಗಳಲ್ಲಿ ಒಳಗಿನ ಗಂಡ, ಯಾವ ತಪ್ಪೂ ಮಾಡಿಲ್ಲ ಅಂತ ತೀರ್ಪು ಬಂದ ಮೇಲೆ, ಜೈಲು ಜ್ವರಕ್ಕೆ ಸಿಕ್ಕಿ ಸಾಯಬಹುದಿತ್ತು. ಹೊವರ್ಡ್ ಊರೂರು ಸುತ್ತಿ ತಲೆ ಎಣಿಸಿದ. ಸಿಕ್ಕ 4,084 ಕೈದಿಗಳಲ್ಲಿ 2,437 ಜನ ಸಾಲ ತೀರಿಸಲಾಗದವರು. ದೇಶದಲ್ಲಿ ಗಲ್ಲಿಗೆ ಹೋಗುವವರಿಗಿಂತ ಜೈಲು ಜ್ವರಕ್ಕೆ ಹೋಗುವವರೇ ಹೆಚ್ಚು ಅಂತ ಅವನ ಲೆಕ್ಕ ಹೇಳಿತು. ಜೈಲುಗಳಿಂದ ಹೊರಬಂದ ಮೇಲೆ ಅವನ ನೋಟ್‌ಬುಕ್ಕಿನ ಹಾಳೆಗಳು ಎಷ್ಟು ನಾರುತ್ತಿದ್ದವಂದ್ರೆ ಬೆಂಕಿಯ ಮುಂದೆ ಒಂದೆರಡು ಗಂಟೆ ಹರಡಿಟ್ಟ ಮೇಲೇ ಅವನು ಅದರಲ್ಲಿ ಬರೆಯಲು ಸಾಧ್ಯವಾಗುತ್ತಿತ್ತು. ಬಟ್ಟೆಯ ವಾಸನೆಗೆ ಮುಚ್ಚಿದ ಗಾಡಿಯಲ್ಲಿ ಕೂರಲಾಗದೆ ಕುದುರೆ ಮೇಲೇ ಓಡಾಡುತ್ತಿದ್ದ.

1774ರಲ್ಲಿ ಪಾರ್ಲಿಮೆಂಟು ಎರಡು ಕಾನೂನು ಮಾಡಿತು. ಒಂದು, ಖುಲಾಸೆಯಾದವರಿಂದ ಶುಲ್ಕ ಕೀಳುವ ಹಾಗಿಲ್ಲ. ಎರಡು, ಜೈಲುಗಳಿಗೆ ಸುಣ್ಣ ಬಳಿಯಬೇಕು, ಗಾಳಿ ಆಡಬೇಕು, ಕಾಯಿಲೆಯವರನ್ನು ಬೇರೆ ಇಡಬೇಕು. ಇವೆರಡೂ ಒಂದೇ ವರ್ಷ ಬಂದದ್ದು ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಜೈಲಿನ ರೋಗ ಅರ್ಧ ಹೇನಿನದ್ದಾದರೆ, ಇನ್ನರ್ಧ ಅಲ್ಲಿ ಇರಬೇಕಾಗಿಲ್ಲದವರನ್ನು ಇಟ್ಟುಕೊಂಡದ್ದರಿಂದ ಬಂದದ್ದು ಅನ್ನೋದು ಅಷ್ಟು ಹೊತ್ತಿಗೇ ಗೊತ್ತಾಗಿತ್ತು. ಹೇನಿನ ವಿಷಯ ಗೊತ್ತಾಗೋಕೆ ಇನ್ನೂ 135 ವರ್ಷ ಬೇಕಾಯಿತು. ಹೊವರ್ಡ್ ಮಾತ್ರ ಅಷ್ಟು ಕಾಲ ಬದುಕಲಿಲ್ಲ. 1790ರ ಜನವರಿಯಲ್ಲಿ, ಈಗ ಉಕ್ರೇನಿನಲ್ಲಿರುವ ಖೆರ್ಸಾನ್ ಊರಿನಲ್ಲಿ ಅಂಥದ್ದೇ ಜ್ವರ ಹತ್ತಿ ಸತ್ತ.

ನಮ್ಮ ಕಡೆಗೆ ಬರೋಣ. 1896ರ ಕೊನೆಗೆ ಮುಂಬೈಗೆ ಪ್ಲೇಗ್ ಬಂತು. ಆಗ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ನಾವು 2020ರಲ್ಲೂ ಧೂಳು ಕೊಡವಿ ಹೊರತೆಗೆದೆವು ಅನ್ನೋದು ಹಲವರಿಗೆ ಗೊತ್ತು. ಅದೇ ಪ್ಲೇಗಿನ ಬೈಕುಲ್ಲಾ ಜೈಲಿನ ಕಥೆ ಅಷ್ಟಾಗಿ ಯಾರೂ ಹೇಳಲ್ಲ. ವಾಲ್ಡೆಮರ್ ಹಾಫ್ಕಿನ್ ಅನ್ನೋ ವಿಜ್ಞಾನಿ ಮುಂಬೈಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿ 1897ರ ಜನವರಿ 10ರಂದು ತನಗೇ ಚುಚ್ಚಿಕೊಂಡ. ಇನ್ನು ಜನರ ಮೇಲೆ ಪರೀಕ್ಷೆ ಮಾಡಬೇಕಲ್ಲ? ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿದರು, ಹೆಚ್ಚುಕಮ್ಮಿ ಅರ್ಧ ಜನಕ್ಕೆ. ಉಳಿದರ್ಧ ಹಾಗೇ ಇದ್ದರು. ಒಂದೇ ಗೋಡೆಯೊಳಗೆ, ಒಂದೇ ಊಟ, ಒಂದೇ ಗಾಳಿ, ಹೋಲಿಸಿ ನೋಡೋಕೆ ಹೇಳಿ ಮಾಡಿಸಿದ ಹಾಗೆ. ಲಸಿಕೆ ಹಾಕಿಸಿಕೊಂಡವರಲ್ಲಿ ರೋಗವೂ ಸಾವೂ ಎದ್ದು ಕಾಣುವಷ್ಟು ಕಮ್ಮಿಯಾಯಿತು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗ್ ಬಂದಾಗ ಹತ್ತಾರು ಸಾವಿರ ಜನಕ್ಕೆ ಇದೇ ಲಸಿಕೆ ಹಾಕಿದರು. ಹುಬ್ಬಳ್ಳಿಯ ಯಾವುದೋ ಓಣಿಯಲ್ಲಿ ಬದುಕುಳಿದ ಅಜ್ಜಿಯೊಬ್ಬಳ ಹಿಂದೆ ಬೈಕುಲ್ಲಾದ ಆ ಕೈದಿಗಳ ತೋಳಿದೆ.

ಅವರು ಒಪ್ಪಿದರು ಅಂತ ದಾಖಲೆ ಹೇಳುತ್ತೆ. ಜೈಲಿನಲ್ಲಿರೋ ಮನುಷ್ಯ ಸಾಹೇಬರಿಗೆ 'ಹೂಂ' ಅನ್ನೋದಕ್ಕೆ ಒಪ್ಪಿಗೆ ಅನ್ನಬಹುದಾ ಅನ್ನೋದು ಬೇರೆ ಚರ್ಚೆ. ಊರಲ್ಲಿದ್ದ ಅವರ ಮನೆಯವರನ್ನು ಕೇಳುವ ಪ್ರಶ್ನೆ ಯಾರ ತಲೆಯಲ್ಲೂ ಇರಲಿಲ್ಲ ಅನ್ನೋದು ಮಾತ್ರ ಖಂಡಿತ. ಇದನ್ನು ಯಾಕೆ ಹೇಳಿದೆ ಅಂದ್ರೆ, 1897ರಲ್ಲಿ ಲಸಿಕೆ ಇನ್ನೂ ಪ್ರಯೋಗವಾಗಿದ್ದಾಗ ಸಾಲಿನಲ್ಲಿ ಮೊದಲು ನಿಂತವರು ಕೈದಿಗಳು. 2021ರಲ್ಲಿ ಲಸಿಕೆ ಖಾತ್ರಿಯಾದ ಮೇಲೆ ಅವರಿಗೆ ಅಡ್ಡ ಬಂದದ್ದು ಗುರುತಿನ ಚೀಟಿ. ಕೋವಿನ್‌ನಲ್ಲಿ ನೋಂದಾಯಿಸಬೇಕು, ಅದಕ್ಕೆ ಐಡಿ ಬೇಕು, ಐಡಿ ಎಲ್ಲೋ ಮನೆಯಲ್ಲೋ ಪೊಲೀಸ್ ಠಾಣೆಯಲ್ಲೋ ಇರುತ್ತೆ. ಸಾಧುಗಳು, ಭಿಕ್ಷುಕರು, ಕೈದಿಗಳು ಹೀಗೆ ಐಡಿ ಇಲ್ಲದವರಿಗೆ ಲಸಿಕೆ ಹೇಗೆ ಹಾಕಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ ನಿಯಮ ಹೊರಡಿಸಿದ್ದು 2021ರ ಮೇ 6ರಂದು. ಎರಡನೇ ಅಲೆ ನೆತ್ತಿ ಮೇಲಿದ್ದ ವಾರ.

ಈಗ ಆ ಮೊದಲ ಪ್ರಶ್ನೆಗೆ. ಮುಲಾಖಾತ್ ಬಂದ್ ಮಾಡಿದರೆ ರೋಗ ನಿಲ್ಲುತ್ತಾ?

ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿಗೆ ಇದರ ಉತ್ತರ ಒಂದಲ್ಲ, ಎರಡು ಸಲ ಸಿಕ್ಕಿದೆ. 1918ರ ಏಪ್ರಿಲ್‌ನಲ್ಲಿ ಅಲ್ಲಿಗೆ ಇನ್‌ಫ್ಲುಯೆಂಜಾ ಬಂತು. ತಂದವನು ನೋಡೋಕೆ ಬಂದ ನೆಂಟನಲ್ಲ, ಲಾಸ್ ಏಂಜಲಿಸ್ ಜೈಲಿನಿಂದ ವರ್ಗವಾಗಿ ಬಂದ ಒಬ್ಬ ಕೈದಿ. ಬಂದ ದಿನವೇ ಮೈ ಸರಿಯಿಲ್ಲದಿದ್ದರೂ ಎಲ್ಲರ ಜೊತೆ ಅಂಗಳದಲ್ಲಿ ಬೆರೆತ, ಊಟಕ್ಕೆ ಕೂತ. ಸುಮಾರು 1,900 ಕೈದಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಜೈಲಿನ ಮುಖ್ಯ ವೈದ್ಯ ಲಿಯೊ ಸ್ಟ್ಯಾನ್ಲಿ ಒಂದು ಕುತೂಹಲದ ಸಂಗತಿ ಗಮನಿಸಿದ. ಭಾನುವಾರ ಕೈದಿಗಳಿಗೆಲ್ಲ ಒಂದೇ ಹಾಲಿನಲ್ಲಿ ಸಿನಿಮಾ ತೋರಿಸುತ್ತಿದ್ದರು. ಮಂಗಳವಾರ, ಬುಧವಾರಕ್ಕೆ ರೋಗಿಗಳ ಸಂಖ್ಯೆ ಏರುತ್ತಿತ್ತು. (ಈ ಸ್ಟ್ಯಾನ್ಲಿ ಆಮೇಲೆ ಕೈದಿಗಳ ಮೇಲೆ ಮಾಡಿದ ವಿಕಾರ ಪ್ರಯೋಗಗಳಿಂದ ಕುಖ್ಯಾತನಾದ. ಅದನ್ನು ಓದೋಕೆ ಗಟ್ಟಿ ಹೊಟ್ಟೆ ಬೇಕು.)

102 ವರ್ಷ ಬಿಟ್ಟು ಅದೇ ಜೈಲು. 2020ರ ಮಾರ್ಚ್‌ನಿಂದ ಮುಲಾಖಾತ್ ಬಂದ್. ಮೇ ಕೊನೆಯ ತನಕ ಕೈದಿಗಳಲ್ಲಿ ಒಂದೇ ಒಂದು ಕೋವಿಡ್ ಪ್ರಕರಣ ಇರಲಿಲ್ಲ. ಅಷ್ಟರಲ್ಲಿ ಚೀನೊ ಅನ್ನೋ ಊರಿನ ಜೈಲಿನಲ್ಲಿ ಸೋಂಕು ಜೋರಾಯಿತು. ಅಲ್ಲಿರೋ ವಯಸ್ಸಾದವರನ್ನು, ಕಾಯಿಲೆಯವರನ್ನು ಉಳಿಸೋಣ ಅಂತ, ಉದ್ದೇಶ ಒಳ್ಳೆಯದೇ, ಮೇ 30ರಂದು 120ಕ್ಕೂ ಹೆಚ್ಚು ಜನರನ್ನು ಬಸ್ ಹತ್ತಿಸಿ ಸ್ಯಾನ್ ಕ್ವೆಂಟಿನ್‌ಗೆ ಕಳಿಸಿದರು. ಅವರಲ್ಲಿ ಬಹಳ ಜನರ ಟೆಸ್ಟ್ ಆಗಿದ್ದು ವಾರಗಳ ಹಿಂದೆ. ಆಗಸ್ಟ್ ಮುಗಿಯೋ ಹೊತ್ತಿಗೆ 2,200ಕ್ಕೂ ಹೆಚ್ಚು ಕೈದಿಗಳಿಗೆ ಸೋಂಕು, 28 ಕೈದಿಗಳು ಮತ್ತು ಒಬ್ಬ ಸಿಬ್ಬಂದಿಯ ಸಾವು. ಜೈಲಿನ ಗೇಟಿನ ಹೊರಗೆ ಪ್ಲಕಾರ್ಡ್ ಹಿಡಿದು ನಿಂತ ಹೆಂಡತಿಯರು, ತಾಯಂದಿರು ಮೂರು ತಿಂಗಳಿಂದ ಒಳಗೆ ಕಾಲಿಟ್ಟವರಲ್ಲ. ರೋಗ ಬಂದದ್ದು ಇಲಾಖೆಯದೇ ಬಸ್ಸಿನಲ್ಲಿ.

ಇದು ಅಮೆರಿಕದ ಕಥೆ ಅಂತ ಅನ್ನಿಸಿದರೆ, ರಾಮನಗರ ನೆನಪಿದೆಯಾ? 2020ರ ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಕೆಲಸಕ್ಕೆ ಅಡ್ಡಿಪಡಿಸಿ ಗಲಾಟೆಯಾಯಿತು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಪಾದರಾಯನಪುರ ಆಗಲೇ ಸೋಂಕಿನಿಂದ ಸೀಲ್‌ಡೌನ್ ಆಗಿದ್ದ ವಾರ್ಡು. ರಾಮನಗರ ಹಸಿರು ವಲಯ. ಬಂಧಿತರನ್ನು ಒಯ್ದದ್ದು ರಾಮನಗರ ಜೈಲಿಗೆ. ಅವರಿಗೆ ಜಾಗ ಮಾಡಿಕೊಡಲು ಅಲ್ಲಿದ್ದ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು. ಒಂದೆರಡು ದಿನದಲ್ಲೇ ಬಂದವರಲ್ಲಿ ಐವರಿಗೆ ಸೋಂಕು ಖಚಿತವಾಯಿತು. ರಾಮನಗರದಲ್ಲಿ ಪ್ರತಿಭಟನೆ, ರಾಜಕೀಯ, ಟಿವಿಯಲ್ಲಿ ಕೂಗಾಟ. ಎಲ್ಲರನ್ನೂ ಮತ್ತೆ ಬಸ್ ಹತ್ತಿಸಿ ಬೆಂಗಳೂರಿನ ಹಜ್ ಭವನಕ್ಕೆ ತಂದರು.

ಗಲಾಟೆ ಮಾಡಿದ್ದು ತಪ್ಪು, ಕೇಸು ಹಾಕಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಾರವನ್ನು ಮನೆಯವರ ಕಡೆಯಿಂದ ಒಮ್ಮೆ ನೋಡಿ. ಅವರ ಬೀದಿಗೇ ಬ್ಯಾರಿಕೇಡ್. ಹಾಲಿಗೂ ಹೊರಗೆ ಹೋಗುವಂತಿಲ್ಲ. ಗಂಡ ಮೊದಲು ಠಾಣೆಯಲ್ಲಿ, ಆಮೇಲೆ ಹತ್ತಿರಹತ್ತಿರ ಐವತ್ತು ಕಿಲೋಮೀಟರ್ ಆಚೆಯ ಜೈಲಿನಲ್ಲಿ, ಆಮೇಲೆ ಇನ್ನೆಲ್ಲೋ. ಐದು ಜನಕ್ಕೆ ಪಾಸಿಟಿವ್ ಅಂತ ಟಿವಿ ಹೇಳುತ್ತೆ, ಯಾರಿಗೆ ಅಂತ ಹೇಳಲ್ಲ. ಟಿವಿ ಮುಂದೆ ಕೂತ ನಾವೆಲ್ಲ ಆ ಸುದ್ದಿಯನ್ನು ಸಿಟ್ಟಿನಿಂದ ನೋಡಿದೆವು. ಅದನ್ನೇ ನೂರು ಮನೆಗಳಲ್ಲಿ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ನೋಡ್ತಾ ಇದ್ದರು. ಇನ್ನು ರಾಮನಗರದಿಂದ ಏಕಾಏಕಿ ಪರಪ್ಪನ ಅಗ್ರಹಾರಕ್ಕೆ ಹೋದ ಹಳೆಯ ಕೈದಿಗಳ ಮನೆಯವರು? ಅವರ ಸುದ್ದಿ ಆ ಗದ್ದಲದಲ್ಲಿ ಯಾರಿಗೂ ಸುದ್ದಿಯಾಗಿ ಕಾಣಲಿಲ್ಲ.

ಮುಲಾಖಾತ್ ನಿಲ್ಲಿಸಿದ ಕ್ಷಣ ಏನಾಗುತ್ತೆ ಅನ್ನೋದನ್ನೂ 2020ರ ಮಾರ್ಚ್ ತೋರಿಸಿತು. ಇಟಲಿಯಲ್ಲಿ ಮಾರ್ಚ್ 8ರ ಸುಮಾರಿಗೆ ಜೈಲು ಭೇಟಿ ನಿಂತಿತು. ಹತ್ತಾರು ಜೈಲುಗಳಲ್ಲಿ ದಂಗೆ ಎದ್ದಿತು, 13 ಕೈದಿಗಳು ಸತ್ತರು. ಅದರಲ್ಲಿ ಒಂಬತ್ತು ಮಂದಿ ಮೊಡೆನಾ ಒಂದೇ ಜೈಲಿನವರು. ಬಹುಪಾಲು ಜನ ಗಲಾಟೆಯಲ್ಲಿ ಜೈಲಿನ ಔಷಧಿ ಕೋಣೆಗೆ ನುಗ್ಗಿ ಅಲ್ಲಿದ್ದ ಮೆಥಡೋನ್ ಮಿತಿಮೀರಿ ಸೇವಿಸಿ ಸತ್ತರು ಅಂತ ಅಧಿಕೃತ ವಿವರಣೆ. ಕೋಲ್ಕತ್ತಾದ ಡಂಡಂ ಜೈಲಿನಲ್ಲಿ ಮಾರ್ಚ್ 21ರಂದು ಅದೇ ಕಾರಣಕ್ಕೆ ಬೆಂಕಿ, ಕಲ್ಲು, ಗುಂಡು, ಸಾವು. ಕೋರ್ಟು ಬಂದ್, ಜಾಮೀನು ಅರ್ಜಿ ಮುಂದಕ್ಕೆ, ಮನೆಯವರ ಮುಖವೂ ಇಲ್ಲ. ಒಳಗಿರೋನಿಗೆ ಹೊರಗಿನ ಲೋಕ ಒಮ್ಮೆಲೇ ಕತ್ತರಿಸಿಹೋದ ಹಾಗೆ.

ಬದಲಿಗೆ ಫೋನು ಕೊಟ್ಟರು, ಕೆಲವು ಕಡೆ ಇ-ಮುಲಾಖಾತ್ ಅನ್ನೋ ವಿಡಿಯೊ ಕಾಲ್ ವ್ಯವಸ್ಥೆಯೂ ಬಂತು. ಸ್ಮಾರ್ಟ್‌ಫೋನ್ ಇರೋರಿಗೆ, ಸಿಗ್ನಲ್ ಇರೋರಿಗೆ ಅದು ವರವೇ. ದೂರದೂರಿಂದ ಸಾಲ ಮಾಡಿ ಬರಬೇಕಿದ್ದವರಿಗಂತೂ ಇನ್ನೂ. ಆದರೆ ಜೈಲಿನ ಫೋನಿಗೆ ಒಂದು ಗುಣ ಇದೆ. ಅದು ಒಳಗಿನಿಂದ ಹೊರಗೆ ಮಾತ್ರ ಬರುತ್ತೆ. ನೀವು ತಿರುಗಿ ಮಾಡುವಂತಿಲ್ಲ. ನಾವು ಗೊತ್ತಿಲ್ಲದ ನಂಬರ್ ಬಂದರೆ ಲೋನ್ ಮಾರೋರು ಅಂತ ಕಟ್ ಮಾಡ್ತೀವಿ. ಜೈಲಿನಲ್ಲಿ ಮಗ ಇರುವ ಮನೆಯಲ್ಲಿ ಯಾವ ಕಾಲನ್ನೂ ಕಟ್ ಮಾಡಲ್ಲ. ಬಚ್ಚಲಿಗೆ ಹೋದರೂ ಫೋನ್ ಹೊರಗೆ ಒಬ್ಬರ ಕೈಯಲ್ಲಿರುತ್ತೆ. ಕಾಲ್ ಬರಬೇಕಾದ ದಿನ ಬರಲಿಲ್ಲ ಅಂದ್ರೆ ಸಾಲು ಉದ್ದ ಇತ್ತೋ, ದುಡ್ಡು ಮುಗಿದಿತ್ತೋ, ಬ್ಯಾರಕ್ ಕ್ವಾರಂಟೈನ್ ಆಯ್ತೋ, ಐಸಿಯುನಲ್ಲಿದಾನೋ, ನಾಲ್ಕೂ ಒಂದೇ ತರ ಕೇಳಿಸುತ್ತೆ.

ಸುಪ್ರೀಂ ಕೋರ್ಟ್ ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. 2020ರ ಮಾರ್ಚ್‌ನಲ್ಲಿ ತಾನೇ ದೂರು ದಾಖಲಿಸಿಕೊಂಡು, ಮಾರ್ಚ್ 23ರಂದು ಪ್ರತಿ ರಾಜ್ಯವೂ ಉನ್ನತಾಧಿಕಾರ ಸಮಿತಿ ಮಾಡಿ ಯಾರನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದು ಅಂತ ತೀರ್ಮಾನಿಸಬೇಕು ಎಂದಿತು. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳವರನ್ನು ಪರಿಗಣಿಸಬಹುದು ಅನ್ನೋ ಸೂಚನೆಯೂ ಅದರಲ್ಲಿತ್ತು. ಸಾವಿರಾರು ಜನ ಮನೆಗೆ ಬಂದರು. ಆದರೆ ಪಟ್ಟಿ ಮಾಡಿದ್ದು ಸೆಕ್ಷನ್ ನೋಡಿ. ವಯಸ್ಸು, ಉಸಿರಾಟ, ಸಕ್ಕರೆ ಕಾಯಿಲೆ ನೋಡಿ ಅಲ್ಲ. ವೈರಸ್ಸಿಗೆ ಐಪಿಸಿ ಗೊತ್ತಿಲ್ಲ. ಗಂಭೀರ ಕಲಮುಗಳ, ವಿಶೇಷವಾಗಿ ಯುಎಪಿಎ ಅಡಿಯ ವಿಚಾರಣಾಧೀನರು ಆ ಪಟ್ಟಿಗಳ ಆಚೆಗೇ ಉಳಿದರು. ಅವರ ಮೇಲಿನ ಆರೋಪದ ಸತ್ಯಾಸತ್ಯ ಈ ಲೇಖನದ ವಿಷಯ ಅಲ್ಲ. ಅವರ ಮನೆಯವರು ಹೇಗೆ ಕಳೆದರು ಅನ್ನೋದು ವಿಷಯ.

ಪತ್ರಕರ್ತ ಸಿದ್ದಿಕ್ ಕಪ್ಪನ್ 2020ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ಬಂಧಿತರಾದವರು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಆಗಿ ಮಥುರಾದ ಆಸ್ಪತ್ರೆ ಸೇರಿದರು. ಕೇರಳದಲ್ಲಿದ್ದ ಹೆಂಡತಿ ರೈಹಾನತ್, ಗಂಡನನ್ನು ಮಂಚಕ್ಕೆ ಸರಪಳಿ ಹಾಕಿ ಕಟ್ಟಿದ್ದಾರೆ, ಶೌಚಾಲಯಕ್ಕೂ ಬಿಡುತ್ತಿಲ್ಲ ಅಂತ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅವರನ್ನು ದೆಹಲಿಯ ಆಸ್ಪತ್ರೆಗೆ ಕರೆತರಲು ಹೇಳಿತು. ಮುಂದಿನ ಜೂನ್‌ನಲ್ಲಿ, ಅವರು ಜೈಲಿನಲ್ಲಿದ್ದಾಗಲೇ, ಊರಲ್ಲಿ ತಾಯಿ ತೀರಿಕೊಂಡರು. ಮುಂಬೈ ಹತ್ತಿರದ ತಲೋಜಾ ಜೈಲಿನಲ್ಲಿ 2020ರ ನವೆಂಬರ್‌ನಲ್ಲಿ ಗೌತಮ್ ನವಲಖಾರ ಕನ್ನಡಕ ಕಳೆದುಹೋಯಿತು. ಮನೆಯಿಂದ ಹೊಸ ಕನ್ನಡಕದ ಪಾರ್ಸಲ್ ಹೋದರೆ ಜೈಲು ತೆಗೆದುಕೊಳ್ಳಲಿಲ್ಲ. ಜೈಲು ಸಿಬ್ಬಂದಿಗೆ ಇಂಥದ್ದರ ಬಗ್ಗೆ ಕಾರ್ಯಾಗಾರ ಮಾಡಬೇಕೇನೋ ಅಂತ ಬಾಂಬೆ ಹೈಕೋರ್ಟೇ ಹೇಳಬೇಕಾಯಿತು. ಅದೇ ಜೈಲಿನಲ್ಲಿದ್ದ 83 ವರ್ಷದ ಪಾದ್ರಿ ಸ್ಟ್ಯಾನ್ ಸ್ವಾಮಿಗೆ ಪಾರ್ಕಿನ್‌ಸನ್ಸ್, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಹೀರಿ ಕುಡಿಯೋಕೆ ಒಂದು ಸ್ಟ್ರಾ ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕಿದರು, ಅದರ ತೀರ್ಮಾನಕ್ಕೆ ವಾರಗಳು ಹಿಡಿದವು. ಒಂದು ಕಾಲಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದವರು ಅವರು. 2021ರ ಮೇ ಕೊನೆಗೆ ಆಸ್ಪತ್ರೆಗೆ ಸೇರಿಸಿದಾಗ ಕೋವಿಡ್ ಪಾಸಿಟಿವ್, ಜುಲೈ 5ರಂದು ನಿಧನ. ಆ ದಿನ ಹೈಕೋರ್ಟಿನಲ್ಲಿ ಅವರ ಜಾಮೀನಿನ ವಿಚಾರಣೆ ಇತ್ತು.

ಇವೆಲ್ಲದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ರೋಹ್ಟಕ್‌ನ ಒಂದು ಮನೆ. ಮಹಾವೀರ್ ನರವಾಲ್ ಕೃಷಿ ವಿಜ್ಞಾನಿ, ನಿವೃತ್ತರು. ತುರ್ತು ಪರಿಸ್ಥಿತಿಯಲ್ಲಿ ಸ್ವತಃ ಜೈಲು ನೋಡಿದವರು. ಹೆಂಡತಿ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಒಬ್ಬರೇ ಬೆಳೆಸಿದರು. ಮಗಳು ನತಾಶಾ ದೆಹಲಿಯ ಜೆಎನ್‌ಯುನಲ್ಲಿ ಸಂಶೋಧನಾ ವಿದ್ಯಾರ್ಥಿನಿ, ಹಾಸ್ಟೆಲ್ಲುಗಳಲ್ಲಿ ಹುಡುಗಿಯರಿಗೆ ಮಾತ್ರ ಇರುವ ಸಮಯದ ಕಟ್ಟುಪಾಡಿನ ವಿರುದ್ಧ ಹುಟ್ಟಿದ 'ಪಿಂಜ್ರಾ ತೋಡ್', ಅಂದರೆ ಪಂಜರ ಮುರಿ, ಅನ್ನೋ ಗುಂಪಿನವಳು. 2020ರ ಮೇ 23ರಂದು ದೆಹಲಿ ಗಲಭೆಗಳ ಪ್ರಕರಣದಲ್ಲಿ ಬಂಧನ, ಆಮೇಲೆ ಯುಎಪಿಎ, ತಿಹಾರ್ ಜೈಲು. ಲಾಕ್‌ಡೌನಿನ ನಡುವೆ ಬಂಧನವಾದ್ದರಿಂದ ಈ ಅಪ್ಪ ಮಗಳ ಸಂಬಂಧ ಮೊದಲ ದಿನದಿಂದಲೇ ಬಹುತೇಕ ಫೋನಿನ ಸಂಬಂಧವಾಗಿ ಉಳಿಯಿತು. ಅಪ್ಪ ಆ ವರ್ಷವಿಡೀ ಮಗಳ ಪರವಾಗಿ ಧೈರ್ಯದಿಂದ ಮಾತಾಡಿದರು.

2021ರ ಏಪ್ರಿಲ್ ಕೊನೆ, ಮೇ ಮೊದಲ ವಾರ ಹೇಗಿತ್ತು ಅಂತ ನಮಗ್ಯಾರಿಗೂ ನೆನಪಿಸಬೇಕಿಲ್ಲ. ವಾಟ್ಸಾಪಿನಲ್ಲಿ ಬೆಡ್, ಆಕ್ಸಿಜನ್, ಪ್ಲಾಸ್ಮಾ. ಮಹಾವೀರ್‌ರಿಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದರು. ಮಗನಿಗೂ ಪಾಸಿಟಿವ್, ಅವನು ಐಸೊಲೇಶನ್ನಿನಲ್ಲಿ. ಅಪ್ಪನನ್ನು ನೋಡಿಕೊಳ್ಳೋಕೆ ಬಿಡಿ ಅಂತ ನತಾಶಾ ಮಧ್ಯಂತರ ಜಾಮೀನು ಕೇಳಿದಳು. ವಿಚಾರಣೆ ಮೇ 10ಕ್ಕೆ ನಿಗದಿಯಾಯಿತು. ಅಪ್ಪ ಮೇ 9ರ ಸಂಜೆ ತೀರಿಕೊಂಡರು.

ಮೇ 10ರಂದು ದೆಹಲಿ ಹೈಕೋರ್ಟಿನ ಮುಂದೆ ಹೋದ ಅರ್ಜಿಯ ಅರ್ಥವೇ ಬದಲಾಗಿತ್ತು. ನೋಡಿಕೊಳ್ಳೋಕೆ ಅಂತ ಹಾಕಿದ್ದು ಸುಡೋಕೆ ಅಂತ ಆಗಿತ್ತು. ಅಂತ್ಯಕ್ರಿಯೆ ಮಾಡೋಕೆ ಕುಟುಂಬದಲ್ಲಿ ಈಕೆಯ ಹೊರತು ಬೇರಾರೂ ಇಲ್ಲ ಅನ್ನೋದನ್ನು ಗಮನಿಸಿ ಕೋರ್ಟು ಮೂರು ವಾರದ ಮಧ್ಯಂತರ ಜಾಮೀನು ಕೊಟ್ಟಿತು. ಸರ್ಕಾರಿ ವಕೀಲರೂ ವಿರೋಧಿಸಲಿಲ್ಲ. ಒಂದು ವರ್ಷದ ನಂತರ ತಿಹಾರ್‌ನಿಂದ ಹೊರಬಂದ ಮಗಳು ಪಿಪಿಇ ಕಿಟ್ ಹಾಕಿಕೊಂಡು ಅಪ್ಪನ ಅಂತ್ಯಸಂಸ್ಕಾರ ಮಾಡಿದಳು. ಮೂರು ವಾರ ಮುಗಿದ ಮೇಲೆ ಹೇಳಿದ ದಿನಕ್ಕೆ ಸರಿಯಾಗಿ ಹೋಗಿ ಜೈಲಿಗೆ ಶರಣಾದಳು. ಜೂನ್ 15ರಂದು ಅದೇ ಹೈಕೋರ್ಟು ಆಕೆಗೂ ಇನ್ನಿಬ್ಬರಿಗೂ ಪೂರ್ಣ ಜಾಮೀನು ಕೊಟ್ಟಿತು. ಪ್ರತಿಭಟಿಸುವ ಹಕ್ಕಿಗೂ ಭಯೋತ್ಪಾದನೆಗೂ ನಡುವಿನ ಗೆರೆಯನ್ನೇ ಸರ್ಕಾರ ಮಸುಕು ಮಾಡಿಕೊಂಡಂತಿದೆ ಅನ್ನೋದು ತೀರ್ಪಿನ ಒಟ್ಟು ಧಾಟಿ. ವಿಳಾಸ ಪರಿಶೀಲನೆ ಎಲ್ಲ ಮುಗಿದು ಹೊರಬಂದದ್ದು ಜೂನ್ 17ಕ್ಕೆ. ಅಪ್ಪ ಹೋಗಿ 39 ದಿನ.

ಇಲ್ಲಿ ಒಂದು ಮಾತು. ನರವಾಲ್, ಕಪ್ಪನ್, ಸ್ಟ್ಯಾನ್ ಸ್ವಾಮಿ, ಇವರಿಗೆಲ್ಲ ವಕೀಲರಿದ್ದರು, ಪತ್ರಿಕೆಗಳಿದ್ದವು, ಕೇಳುವ ಗೆಳೆಯರಿದ್ದರು. ಅದಕ್ಕೇ ಅವರ ತಾರೀಖುಗಳು ನಮಗೆ ಗೊತ್ತಾಗುತ್ತೆ. 2020ರ ಕೊನೆಗೆ ಜೈಲಿನಲ್ಲಿದ್ದ 4,88,511 ಜನರಲ್ಲಿ ನೂರಕ್ಕೆ 76 ಜನ ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಹಿಂದಿನ ವರ್ಷ ಇದು 69 ಇತ್ತು. ಕೋರ್ಟುಗಳು ನಿಧಾನವಾದವು, ಶಿಕ್ಷೆಯಾದವರು ಪೆರೋಲ್ ಮೇಲೆ ಹೋದರು, ಕಾಯುವವರ ಪಾಲು ಏರಿತು. ಮರುವರ್ಷ ಒಟ್ಟು ಸಂಖ್ಯೆ 5,54,034ಕ್ಕೆ ಹೋಯಿತು, ನೂರರ ಜಾಗದಲ್ಲಿ 130 ಜನ. ಜನಸಂದಣಿ ತಗ್ಗಿಸಬೇಕು ಅಂತ ದೇಶದ ಅತಿ ದೊಡ್ಡ ಕೋರ್ಟು ಹೇಳಿದ ಎರಡು ವರ್ಷದೊಳಗೆ! ಇವರಲ್ಲಿ ಹಲವರಿಗೆ ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡೋಕೆ ಜನ ಸಿಗಲ್ಲ. ಹೊವರ್ಡ್ ನೋಡಿದ ಬಿಡುಗಡೆ ಶುಲ್ಕಕ್ಕೂ ಇದಕ್ಕೂ ಕಾನೂನಿನ ಪ್ರಕಾರ ಬಹಳ ವ್ಯತ್ಯಾಸ ಇದೆ. ಪಾತ್ರೆ ಅಡ ಇಟ್ಟು ದುಡ್ಡು ಹೊಂದಿಸೋ ಹೆಂಡತಿಗೆ ಆ ವ್ಯತ್ಯಾಸ ಎಷ್ಟು ಕಾಣುತ್ತೋ ಗೊತ್ತಿಲ್ಲ.

ಕೋವಿಡ್ ಇಳಿದ ಮೇಲೆ ಮುಲಾಖಾತ್ ಒಂದೊಂದೇ ಜೈಲಿನಲ್ಲಿ ಶುರುವಾಯಿತು, ಮೂರನೇ ಅಲೆಗೆ ಕೆಲವು ಕಡೆ ಮತ್ತೆ ನಿಂತಿತು, ಮತ್ತೆ ಶುರುವಾಯಿತು. 2023ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಹಳೆಯ ಕಡತದ ಕೊನೆಯ ಹಾಳೆ ಬರೆಯಿತು. ಸಾಂಕ್ರಾಮಿಕದ ಕಾರಣಕ್ಕೆ ಉನ್ನತಾಧಿಕಾರ ಸಮಿತಿಗಳು ಬಿಟ್ಟಿದ್ದ ಕೈದಿಗಳೆಲ್ಲ ಹದಿನೈದು ದಿನದೊಳಗೆ ವಾಪಸ್ ಬಂದು ಶರಣಾಗಬೇಕು, ವಿಚಾರಣಾಧೀನರು ಬೇಕಿದ್ದರೆ ಸಂಬಂಧಪಟ್ಟ ಕೋರ್ಟಿನಲ್ಲಿ ಹೊಸದಾಗಿ ಜಾಮೀನು ಕೇಳಿಕೊಳ್ಳಬಹುದು. ಮೂರು ವರ್ಷದಲ್ಲಿ ಕೆಲಸ ಹಿಡಿದವರಿದ್ದರು, ಮದುವೆಯಾದವರಿದ್ದರು, ಅಪ್ಪನನ್ನು ಗುರುತಿಸೋಕೆ ಕಲಿತ ಮಕ್ಕಳಿದ್ದರು. ಹದಿನೈದು ದಿನದೊಳಗೆ ಬಟ್ಟೆ ಜೋಡಿಸಿಕೊಂಡು ಅವರು ಹೋದರು. ಅವರ ಮನೆಯವರು ಬೆಳಗಿನ ಬಸ್ಸಿಗೆ ಬಂದು ಮತ್ತೆ ಹೆಸರು ಬರೆಸತೊಡಗಿದರು.